ಅರವತ್ತರ ಆಚೆ ತೂಕ ಇಳಿಸಲು ಯಾವ ದಾರಿ? ಮೂರು ಸಲ ಬಿಟ್ಟು ನಾಲ್ಕನೇ ಸಲ ಹಿಡಿದವನ ಹೋಲಿಕೆ

ಎರಡು ವರ್ಷದ ಹಿಂದೆ ನನಗೆ ನ್ಯುಮೋನಿಯಾ ಆಗಿತ್ತು. ಹದಿನೆಂಟು ದಿನ ಹಾಸಿಗೆ. ಎದ್ದು ಓಡಾಡುವಂತಾದ ಮೇಲೆ ಮೊದಲು ಮಾಡಿದ ಕೆಲಸ ತೂಕದ ಮಷೀನ್ ಮೇಲೆ ನಿಂತದ್ದು. ನಾಲ್ಕು ಕಿಲೋ ಇಳಿದಿತ್ತು! ಅದಕ್ಕೂ ಮುಂಚೆ ಏಳು ತಿಂಗಳು ದಿನಾ ನಡೆದು ಒಂದೇ ಒಂದು ಕಿಲೋ ಇಳಿಸಿದ್ದವನು ನಾನು. ಖುಷಿಯಾಗಿ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಮಷೀನ್ ಕಡೆ ನೋಡಲೇ ಇಲ್ಲ. "ಮೊದಲು ನಿಮ್ಮ ಕಾಲು ನೋಡಿಕೊಳ್ಳಿ" ಎಂದಳು.

ನೋಡಿಕೊಂಡೆ. ಪ್ಯಾಂಟು ಸೊಂಟದಲ್ಲಿ ಹಿಂದಿನಷ್ಟೇ ಬಿಗಿ. ತೊಡೆಯ ಹತ್ತಿರ ಮಾತ್ರ ಬಟ್ಟೆ ಜೋತು ಬಿದ್ದಿತ್ತು. ಆ ಸಂಜೆ ತಗ್ಗಿನ ಸೋಫಾದಿಂದ ಏಳಲು ಹೋದೆ, ಆಗಲಿಲ್ಲ. ಒಂದು ಸಲ ಮುಂದಕ್ಕೆ ತೂಗಿದೆ. ಇನ್ನೊಂದು ಸಲ ತೂಗಿದೆ. ಮೂರನೇ ಸಲ ಎರಡೂ ಕೈ ಊರಿ, ಉಸಿರು ಬಿಗಿಹಿಡಿದು ಎದ್ದೆ. ಆಗ ನನಗೆ 62.

ಇಳಿದ ಆ ನಾಲ್ಕು ಕಿಲೋದಲ್ಲಿ ಕೊಬ್ಬು ಎಷ್ಟಿತ್ತೋ, ತೊಡೆಯ ಮಾಂಸಖಂಡವಂತೂ ಬೇಕಾದಷ್ಟಿತ್ತು. ಇದು ನನ್ನೊಬ್ಬನ ಕಥೆಯೂ ಅಲ್ಲ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟಕ್ಕೇ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋದ ಹತ್ತಿರ ಮಾಂಸಖಂಡ ಕರಗಿತ್ತು. ನನಗೆ ಹದಿನೆಂಟು ದಿನ, ಮೇಲೆ ಜ್ವರ ಬೇರೆ.

ಈ ವಯಸ್ಸಿನಲ್ಲಿ ತೂಕ ಇಳಿಸುವ ದಾರಿಗಳನ್ನು ಹೋಲಿಸುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವುದರಲ್ಲಿ ಬೇಗ ಇಳಿಯುತ್ತದೆ? ನಾನೂ ಅದನ್ನೇ ಕೇಳಿ ಮೂರು ಸಲ ಮೋಸ ಹೋದೆ. ಈಗ ಕೇಳುವುದು ಬೇರೆ ಎರಡು ಪ್ರಶ್ನೆ. ಇದರಿಂದ ಇಳಿಯುವುದು ಕೊಬ್ಬೋ, ಮಾಂಸಖಂಡವೋ? ಮತ್ತೆ, ತಿಂಗಳುಗಟ್ಟಲೆ ನಿಂತು ಹೋದರೆ ಇದನ್ನು ಪುನಃ ಶುರು ಮಾಡುವುದು ಎಷ್ಟು ಸುಲಭ? ಯಾಕೆಂದರೆ ಅರವತ್ತರ ಮೇಲೆ ನಿಲ್ಲುವುದು ಇದ್ದದ್ದೇ. ಮಂಡಿ ಊದುತ್ತದೆ, ಜ್ವರ ಬರುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಆಸ್ಪತ್ರೆಗೆ ಓಡಾಟ ಇರುತ್ತದೆ. ಯಾವ ವಿಘ್ನವೂ ಬರುವುದಿಲ್ಲ ಎಂದುಕೊಂಡು ಹಾಕಿದ ಯೋಜನೆ ಮೊದಲ ವಿಘ್ನಕ್ಕೇ ಮುಗಿದು ಹೋಗುತ್ತದೆ.

ಮೊದಲು ಒಂದು ನೆಪವನ್ನು ಆಚೆ ಇಡೋಣ

"ವಯಸ್ಸಾಯ್ತು, ಮೆಟಬಾಲಿಸಂ ನಿಧಾನ ಆಯ್ತು, ಇನ್ನೇನು ಇಳಿಯುತ್ತೆ" ಎನ್ನುವ ಮಾತನ್ನು ನಾನು ನಲವತ್ತೈದರಿಂದಲೇ ಹೇಳಿಕೊಂಡು ಬಂದಿದ್ದೆ. 2021ರಲ್ಲಿ ಬಂದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದು ಆ ನೆಪಕ್ಕೆ ಕಲ್ಲು ಹಾಕಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ದೇಹ ಶಕ್ತಿ ಖರ್ಚು ಮಾಡುವ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ. 60ರ ನಂತರ ವರ್ಷಕ್ಕೆ ಸುಮಾರು ಶೇ. 0.7ರಷ್ಟು ಇಳಿಯುತ್ತದೆ. ಅಂದರೆ 65 ವರ್ಷದವರಿಗೆ ಶೇ. 3ರಿಂದ 4. ಹೊಟ್ಟೆ ಬಂದದ್ದಕ್ಕೆ ಇದೊಂದೇ ಕಾರಣ ಎನ್ನಲು ಸಾಲದು, ಅಲ್ವಾ?

ನಿಜವಾದ ತೊಂದರೆ ಬೇರೆ. ಮಾಂಸಖಂಡ ಸದ್ದಿಲ್ಲದೆ ಕರಗುತ್ತಾ ಹೋಗುತ್ತದೆ, ಆ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ. ತೂಕ ಅಷ್ಟೇ ಇದ್ದರೂ ಒಳಗಿನ ಸರಕು ಬದಲಾಗಿರುತ್ತದೆ. ಈ ಸವೆತಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು ಬಂದದ್ದೇ 1989ರಲ್ಲಿ. ಅಲ್ಲಿಯವರೆಗೆ "ವಯಸ್ಸಿಗೆ ತಕ್ಕ ಹಾಗೆ" ಎಂದು ಎಲ್ಲರೂ ಸುಮ್ನಿದ್ದರು.

ಬರೀ ಊಟ ಕಡಿಮೆ ಮಾಡಬೇಕೋ, ಬರೀ ವ್ಯಾಯಾಮ ಮಾಡಬೇಕೋ?

ಇದಕ್ಕೆ ಅಂದಾಜಿನ ಉತ್ತರ ಬೇಕಾಗಿಲ್ಲ. 2011ರಲ್ಲಿ ಬಂದ ಒಂದು ಪ್ರಯೋಗದಲ್ಲಿ, 65 ದಾಟಿದ, ಬೊಜ್ಜು ಇರುವ 107 ಜನರನ್ನು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ಬರೀ ಡಯಟ್, ಒಂದಕ್ಕೆ ಬರೀ ವ್ಯಾಯಾಮ, ಒಂದಕ್ಕೆ ಎರಡೂ. ಇನ್ನೊಂದು ಗುಂಪು ಇದ್ದ ಹಾಗೇ ಇತ್ತು.

ಡಯಟ್ ಮಾತ್ರ ಮಾಡಿದವರ ತೂಕ ಶೇ. 10 ಇಳಿಯಿತು. ಎರಡೂ ಮಾಡಿದವರದ್ದು ಶೇ. 9. ಬರೀ ವ್ಯಾಯಾಮ ಮಾಡಿದವರದ್ದು ಇಳಿಯಲೇ ಇಲ್ಲ. ಇಷ್ಟಕ್ಕೇ ನಿಲ್ಲಿಸಿದರೆ "ವ್ಯಾಯಾಮ ದಂಡ" ಎನಿಸುತ್ತದೆ. ಆದರೆ ಅವರು ತೂಕದ ಜೊತೆ ದೇಹದ ಕೆಲಸವನ್ನೂ ಅಳೆದಿದ್ದರು: ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ನೆಲದ ಮೇಲಿನ ನಾಣ್ಯ ಎತ್ತುವುದು, ಇಂಥವು. ಅದರಲ್ಲಿ ಡಯಟ್‌ನವರು ಶೇ. 12, ವ್ಯಾಯಾಮದವರು ಶೇ. 15, ಎರಡೂ ಮಾಡಿದವರು ಶೇ. 21 ಸುಧಾರಿಸಿದ್ದರು. ಬರೀ ಡಯಟ್ ಮಾಡಿದವರ ದೇಹದಿಂದ ಕೊಬ್ಬಲ್ಲದ ಭಾಗ ಶೇ. 5 ಹೋಗಿತ್ತು. ವ್ಯಾಯಾಮವನ್ನೂ ಮಾಡಿದವರದ್ದು ಶೇ. 3.

ನನ್ನ ಏಳು ತಿಂಗಳ ಒಂದು ಕಿಲೋದ ರಹಸ್ಯ ಇಲ್ಲೇ ಇದೆ. ಅರ್ಧ ಗಂಟೆ ನಡೆದರೆ ನನ್ನ ತೂಕದವರಿಗೆ ಹೆಚ್ಚೆಂದರೆ 150 ಕ್ಯಾಲೊರಿ ಖರ್ಚು. ಮನೆಗೆ ಬಂದು "ಇಷ್ಟು ನಡೆದೆನಲ್ಲ" ಎಂಬ ಹಕ್ಕಿನಿಂದ ಸಕ್ಕರೆ ಹಾಕಿದ ಒಂದು ಕಪ್ ಚಹಾ, ಜೊತೆಗೆ ಎರಡು ಬಿಸ್ಕತ್ತು. ಅಲ್ಲಿಗೆ ಲೆಕ್ಕ ಚುಕ್ತಾ.

ಹಾಗಾಗಿ ನನ್ನ ತೀರ್ಮಾನ ಹೀಗೆ. ತೂಕ ಇಳಿಯುವುದು ತಟ್ಟೆಯಿಂದ. ಇಳಿದ ಮೇಲೆ ಉಳಿಯುವ ದೇಹ ಹೇಗಿರುತ್ತದೆ ಎನ್ನುವುದು ವ್ಯಾಯಾಮದಿಂದ. ಎರಡೂ ಬೇಕು, ಆದರೆ ಎರಡನ್ನೂ ಒಂದೇ ದಿನ ಶುರು ಮಾಡಬೇಕಾಗಿಲ್ಲ. ಕಾಯಿಲೆಯಿಂದ ಅಥವಾ ಆಪರೇಷನ್‌ನಿಂದ ಈಗಷ್ಟೇ ಎದ್ದವರಾದರೆ ಊಟಕ್ಕೆ ಕತ್ತರಿ ಹಾಕಲೇಬೇಡಿ. ಮೊದಲು ಚೆನ್ನಾಗಿ ತಿಂದು ಕಾಲಿಗೆ ಬಲ ಬರಲಿ. ತೂಕದ ವಿಚಾರ ಆಮೇಲೆ ನೋಡಿದರಾಯಿತು.

ನಡಿಗೆಯೋ, ಭಾರವೋ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ನಡಿಗೆಯ ಪರವಾಗಿ ಹೇಳಲು ಬಹಳ ಇದೆ. ಸಲಕರಣೆ ಬೇಡ, ಕಲಿಯಬೇಕಾಗಿಲ್ಲ, ಮನಸ್ಸಿಗೂ ಹಿತ. 2014ರಲ್ಲಿ ಫಲಿತಾಂಶ ಬಂದ ಒಂದು ಅಮೆರಿಕನ್ ಪ್ರಯೋಗದಲ್ಲಿ 70ರಿಂದ 89 ವಯಸ್ಸಿನ 1635 ಜನರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಎರಡೂವರೆ ವರ್ಷಕ್ಕೂ ಜಾಸ್ತಿ ಕಾಲ ಮುಖ್ಯವಾಗಿ ನಡಿಗೆ, ಜೊತೆಗೆ ಸ್ವಲ್ಪ ಕಾಲಿನ ಬಲದ ವ್ಯಾಯಾಮ ಮಾಡಿಸಿದರು. ನಡೆದಾಡುವ ಶಕ್ತಿಯನ್ನೇ ಕಳೆದುಕೊಳ್ಳುವ ಅಪಾಯ ಅವರಲ್ಲಿ ಶೇ. 18 ಕಡಿಮೆಯಾಗಿತ್ತು.

ನಡಿಗೆಯಲ್ಲಿ ನಾನು ಮಾಡಿದ ತಪ್ಪು ಹತ್ತು ಸಾವಿರ ಹೆಜ್ಜೆ. ಅರವತ್ತು ತುಂಬಿದ ವಾರ, 84 ಕಿಲೋ ತೂಕ ಹೊತ್ತು, ಮೊದಲ ದಿನದಿಂದಲೇ ಹತ್ತು ಸಾವಿರ ಶುರು ಮಾಡಿದೆ. ಮೂರನೇ ವಾರಕ್ಕೆ ಬಲ ಮಂಡಿ ತೆಂಗಿನಕಾಯಿಯ ಹಾಗೆ ಊದಿತು. ಎರಡು ತಿಂಗಳು ಎಲ್ಲ ಬಂದ್. ಆಮೇಲೆ ತಿಳಿಯಿತು, ಆ ಹತ್ತು ಸಾವಿರದ ಲೆಕ್ಕ ಬಂದದ್ದು ಯಾವ ಡಾಕ್ಟರರಿಂದಲೂ ಅಲ್ಲ, 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ. 2019ರಲ್ಲಿ, ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಜ್ಜೆ ಎಣಿಸಿದ ಅಧ್ಯಯನ ಬಂತು. ದಿನಕ್ಕೆ 2700 ಹೆಜ್ಜೆಯವರಿಗಿಂತ 4400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಶೇ. 41 ಕಡಿಮೆ ಇತ್ತು. 7500ರ ಆಸುಪಾಸಿನಲ್ಲಿ ಆ ಲಾಭ ನಿಂತು ಹೋಗಿತ್ತು. ಹತ್ತು ಸಾವಿರಕ್ಕೆಂದು ನನ್ನ ಮಂಡಿ ಕೊಟ್ಟದ್ದು ಸುಮ್ನೆ.

ನೀವು ಈಗ ದಿನಕ್ಕೆ ಎಷ್ಟು ನಡೆಯುತ್ತೀರೋ ಎಣಿಸಿ. ಅದಕ್ಕೆ ಐನೂರು ಸೇರಿಸಿ. ಎರಡು ವಾರ ಹಾಗೇ ಇರಿ. ನಂತರ ಇನ್ನೊಂದು ಐನೂರು. ಕೇಳಲು ಬೇಜಾರು ಎನಿಸುತ್ತದೆ, ಆದರೆ ಮಂಡಿಗೆ ಗೊತ್ತಾಗದ ಹಾಗೆ ಏರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಈಗ ಭಾರದ ವಿಷಯ. "ಭಾರ ಎತ್ತುವುದು ಹುಡುಗರ ಕೆಲಸ" ಎಂದು ಬಹಳ ಜನ ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಹತ್ತು ಜನರಿಗೆ ಎಂಟು ವಾರ ಕಾಲಿನ ಬಲದ ತರಬೇತಿ ಕೊಟ್ಟರು. ಅವರ ವಯಸ್ಸು 86ರಿಂದ 96. ತೊಡೆಯ ಬಲ ಸರಾಸರಿ ಶೇ. 174 ಹೆಚ್ಚಿತು. ಅಂದರೆ ಎರಡೂವರೆ ಪಟ್ಟಿಗಿಂತಲೂ ಜಾಸ್ತಿ. ತೊಂಬತ್ತರಲ್ಲಿ ಆಗುವುದು ಅರವತ್ತರಲ್ಲಿ ಆಗುವುದಿಲ್ಲವೇ?

ನೇರ ಹೋಲಿಕೆಯೂ ಇದೆ. 2017ರಲ್ಲಿ, ಮೇಲೆ ಹೇಳಿದ 107 ಜನರ ಪ್ರಯೋಗ ಮಾಡಿದ ತಂಡವೇ, ಡಯಟ್ ಮಾಡುತ್ತಿದ್ದ ಹಿರಿಯರನ್ನು ಮೂರು ಗುಂಪು ಮಾಡಿತು: ನಡಿಗೆ ಅಥವಾ ಸೈಕಲ್‌ನಂಥ ಏದುಸಿರಿನ ವ್ಯಾಯಾಮದವರು, ಭಾರದವರು, ಎರಡೂ ಮಾಡುವವರು. ಆರು ತಿಂಗಳಲ್ಲಿ ಮೂರೂ ಗುಂಪಿನ ತೂಕ ಇಳಿದದ್ದು ಒಂದೇ, ಶೇ. 9. ಆದರೆ ಏದುಸಿರಿನ ವ್ಯಾಯಾಮ ಮಾತ್ರ ಮಾಡಿದವರು ಕೊಬ್ಬಲ್ಲದ ಭಾಗವನ್ನು ಶೇ. 5 ಕಳೆದುಕೊಂಡರು, ಭಾರ ಎತ್ತಿದವರು ಶೇ. 2 ಮಾತ್ರ. ಓಡಾಟದ ಸಾಮರ್ಥ್ಯ ಮೊದಲ ಎರಡು ಗುಂಪಿನಲ್ಲಿ ಶೇ. 14 ಹೆಚ್ಚಿದರೆ, ಎರಡೂ ಮಾಡಿದವರಲ್ಲಿ ಶೇ. 21.

ಭಾರ ಎಂದರೆ ಕಬ್ಬಿಣವೇ ಆಗಬೇಕಿಲ್ಲ. ನನ್ನ ಮೊದಲ ಭಾರ ನಾನೇ. ಫಿಸಿಯೋ ಹೇಳಿಕೊಟ್ಟದ್ದು ಇಷ್ಟು. ಕೈ ಇಲ್ಲದ ಗಟ್ಟಿ ಮರದ ಕುರ್ಚಿ, ಕುರ್ಚಿಯ ಬೆನ್ನು ಗೋಡೆಗೆ ಒರಗಿರಬೇಕು, ಜಾರಬಾರದು. ಅದರ ಮೇಲೆ ಎರಡು ಗಟ್ಟಿ ದಿಂಬು. ಅಂಚಿಗೆ ಬಂದು ಕೂತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಕೈ ಎದೆಯ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಉಸಿರು ಬಿಗಿಹಿಡಿದರೆ ಬಿಪಿ ಜಿಗಿಯುತ್ತದೆ, ಅದೊಂದು ಎಚ್ಚರ. ಕೂರುವಾಗ ಧಪ್ಪನೆ ಬೀಳುವ ಹಾಗಿಲ್ಲ. ಒಂದು, ಎರಡು, ಮೂರು ಎಣಿಸುತ್ತಾ ಇಳಿಯಬೇಕು. ನಿಜವಾದ ಕೆಲಸ ಇರುವುದು ಆ ಇಳಿಯುವುದರಲ್ಲೇ.

ಮೊದಲ ದಿನ ನಾಲ್ಕು ಸಲ ಆಯಿತು. ಐದನೆಯದಕ್ಕೆ ತೊಡೆ ನಡುಗಿತು, ಬಿಟ್ಟೆ. ಮೂರು ವಾರಕ್ಕೆ ಒಂದು ದಿಂಬು ತೆಗೆದೆ. ಏಳನೇ ವಾರಕ್ಕೆ ಇನ್ನೊಂದು ಹೋಯಿತು. ಆಮೇಲೆ ಎದೆಗೆ ಎರಡು ಲೀಟರ್ ನೀರಿನ ಬಾಟಲಿ ಅವುಚಿಕೊಂಡು ಎದ್ದು ಕೂತೆ. ಮೊಮ್ಮಗ ಅದನ್ನು ನೋಡಿ "ತಾತ, ಪಾಪು ಎತ್ತಿಕೊಂಡಿದೀಯಾ?" ಎಂದ.

ಈಗ ನನ್ನ ಎರಡನೇ ಪ್ರಶ್ನೆಗೆ ಬರೋಣ. ನಿಂತು ಹೋದರೆ ಯಾವುದನ್ನು ಮತ್ತೆ ಹಿಡಿಯುವುದು ಸುಲಭ? ನಡಿಗೆಯ ಕಷ್ಟ ಏನೆಂದರೆ ಅದು ಪೂರ್ತಿ ಕಾಲಿನ ಮೇಲೆ ನಿಂತಿದೆ. ಮಂಡಿ ಕೈಕೊಟ್ಟರೆ ಎಲ್ಲವೂ ನಿಲ್ಲುತ್ತದೆ. ಭಾರದ ವ್ಯಾಯಾಮ ಹಾಗಲ್ಲ. ಮಂಡಿ ಊದಿದ್ದರೆ ಕೈ, ಬೆನ್ನಿಗೆ ಕೆಲಸ ಕೊಡಬಹುದು. ಒದ್ದೆ ನೆಲದಲ್ಲಿ ಜಾರಿ ನನ್ನ ಎಡ ಮಣಿಕಟ್ಟು ಮುರಿದಾಗ ಈ ಬುದ್ಧಿ ಇರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಆರು ವಾರ ಟಿವಿ ಮುಂದೆ ಕೂತೆ. ಮುರಿದದ್ದು ಕೈ, ಕಾಲಿಗೆ ಏನಾಗಿತ್ತು? ಜೊತೆಗೆ, ಒಮ್ಮೆ ಬೆಳೆಸಿದ ಬಲ ಕಳೆದು ಹೋದರೂ ಎರಡನೇ ಸಲ ಮೊದಲಿಗಿಂತ ಬೇಗ ವಾಪಸ್ ಬರುತ್ತದೆ. ನಾನು ಇದನ್ನು ದಿಂಬಿನ ಲೆಕ್ಕದಲ್ಲೇ ನೋಡಿದ್ದೇನೆ.

ಹಾಗೆಂದು ನಡಿಗೆ ಬಿಡಿ ಎನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಕನಿಷ್ಠ ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮ. ನನ್ನ ಲೆಕ್ಕದಲ್ಲಿ ಭಾರದ ಎರಡು ದಿನ ಕದಲಬಾರದು. ಉಳಿದದ್ದು ಅನುಕೂಲ ನೋಡಿಕೊಂಡು.

ಜಿಮ್, ಮನೆ, ಈಜುಕೊಳ, ಸೈಕಲ್

ಜಿಮ್‌ನ ಲಾಭ, ತಪ್ಪು ಮಾಡಿದರೆ ತಿದ್ದುವವರು ಇರುತ್ತಾರೆ. ಆದರೆ ತಿದ್ದುವವನಿಗೆ ಅರವತ್ತರ ಮಂಡಿ ಗೊತ್ತಿರಬೇಕು. ಮೊದಲ ದಿನವೇ ಐವತ್ತು ಬಸ್ಕಿ ಹೊಡೆಸುವ ಹುಡುಗ ಸಿಕ್ಕರೆ ನಮಸ್ಕಾರ ಹಾಕಿ ಬಂದುಬಿಡಿ. ಅಲ್ಲದೆ ಒಂದು ತಿಂಗಳು ತಪ್ಪಿದರೆ ಮತ್ತೆ ಆ ಬಾಗಿಲು ತಳ್ಳಲು ಸಂಕೋಚ. ಮನೆಯ ಕುರ್ಚಿ ಏನೂ ಕೇಳುವುದಿಲ್ಲ. ನನ್ನ ಸಲಹೆ: ತಿಳಿದವರ ಹತ್ತಿರ ನಾಲ್ಕೈದು ಸಲ ಕಲಿತು, ಮಾಡುವುದು ಮನೆಯಲ್ಲೇ.

ನೀರಿನಲ್ಲಿ ಮಾಡುವ ವ್ಯಾಯಾಮ ಮಂಡಿ, ಸೊಂಟ ನೋವಿನವರಿಗೆ ವರ. ದೇಹದ ಭಾರವನ್ನು ನೀರು ಹೊರುತ್ತದೆ. ಆದರೆ ಅದೇ ಕಾರಣಕ್ಕೆ ಮೂಳೆಗೆ ಬೇಕಾದ ಭಾರ ಸಿಗುವುದಿಲ್ಲ. ಮೂಳೆ ಸವೆತ ಇರುವವರು ಈಜನ್ನೇ ನಂಬಿ ಕೂರಬಾರದು. ಸೈಕಲ್‌ಗೂ ಇದೇ ಮಾತು. ನಿಂತಲ್ಲೇ ತುಳಿಯುವ ಸೈಕಲ್ ಮಂಡಿಗೆ ಒಳ್ಳೆಯದು, ಬೀಳುವ ಭಯವೂ ಇಲ್ಲ.

ಬೀಳುವುದು ಎಂದಾಗ ತೈ ಚಿ ನೆನಪಾಯಿತು, ಚೀನಾದ ನಿಧಾನ ಚಲನೆಯ ವ್ಯಾಯಾಮ. 2018ರ ಒಂದು ಅಧ್ಯಯನದಲ್ಲಿ 70 ದಾಟಿದ, ಬೀಳುವ ಅಪಾಯ ಹೆಚ್ಚಿದ್ದ 670 ಜನರಿದ್ದರು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಮಾಡಿದವರು ಬಿದ್ದದ್ದು ಶೇ. 58 ಕಡಿಮೆ. ತೂಕ ಇಳಿಸಲು ಇದು ದೊಡ್ಡ ಸಹಾಯ ಮಾಡದು. ಆದರೆ ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಉಳಿದ ಹೋಲಿಕೆಗಳಿಗೆಲ್ಲ ಅರ್ಥವೇ ಇರುವುದಿಲ್ಲ. ಕಲಿಸುವವರು ಸಿಗದಿದ್ದರೆ ಹಲ್ಲುಜ್ಜುವಾಗ ಗಟ್ಟಿಯಾದ ಏನನ್ನಾದರೂ ಹಿಡಿದು ಒಂದು ಕಾಲಿನ ಮೇಲೆ ನಿಲ್ಲಿ. ನಾನು ಹಾಗೇ ಮಾಡುತ್ತೇನೆ.

ತಟ್ಟೆಯಲ್ಲಿ ಏನು ಬದಲಿಸಬೇಕು?

ಪ್ರಮಾಣ ಕಡಿಮೆ ಮಾಡುವುದು, ದಿನಕ್ಕೆ ಎಂಟು ಗಂಟೆಯೊಳಗೆ ತಿಂದು ಮುಗಿಸುವುದು, ಪಿಷ್ಟ ಬಿಡುವುದು. ಜನ ಜಗಳವಾಡುವುದು ಈ ಮೂರರ ಬಗ್ಗೆ. 2022ರಲ್ಲಿ ಬಂದ ಒಂದು ವರ್ಷದ ಪ್ರಯೋಗದಲ್ಲಿ 139 ಜನರಿಗೆ ಕ್ಯಾಲೊರಿ ಕಡಿಮೆ ಮಾಡಿಸಿದರು. ಅರ್ಧ ಜನ ಎಂಟು ಗಂಟೆಯೊಳಗೆ ತಿಂದರು, ಉಳಿದವರು ಯಾವಾಗ ಬೇಕಾದರೂ. ಇಳಿದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅವರಲ್ಲಿ ಹಿರಿಯರು ಕಡಿಮೆ, ನಿಜ. ಆದರೂ ಗಡಿಯಾರದಲ್ಲಿ ಮಂತ್ರ ಏನೂ ಇಲ್ಲ ಎನ್ನುವಷ್ಟು ಗೊತ್ತಾಯಿತು.

ಹಿರಿಯರಿಗೆ ಗಡಿಯಾರದ ಊಟದಲ್ಲಿ ಎರಡು ತೊಡಕು ಇವೆ. ಶುಗರ್‌ಗೆ ಇನ್ಸುಲಿನ್ ಅಥವಾ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಶುಗರ್ ಇದ್ದಕ್ಕಿದ್ದ ಹಾಗೆ ಕುಸಿಯಬಹುದು. ಇನ್ನೊಂದು, ದಿನಕ್ಕೆ ಬೇಕಾದ ಪ್ರೋಟೀನನ್ನು ಎರಡೇ ಊಟದಲ್ಲಿ ಮುಗಿಸುವುದು ಕಷ್ಟ.

ಪ್ರೋಟೀನ್ ವಿಷಯದಲ್ಲಿ ನಾನು ಹಟಮಾರಿ. 2013ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ತಂಡ, 65 ದಾಟಿದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದಿತು. ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ಕಿಡ್ನಿ ತೊಂದರೆ ತೀವ್ರವಾಗಿರುವವರಿಗೆ ಮಾತ್ರ ಲೆಕ್ಕ ಬೇರೆ, ಅವರು ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು. 75 ಕಿಲೋದವರಿಗೆ 75ರಿಂದ 90 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು. ನಾನು ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ಲೆಕ್ಕ ಹಾಕಿದೆ. ದಿನಕ್ಕೆ 45 ಗ್ರಾಂ ದಾಟಿರಲಿಲ್ಲ. ತಟ್ಟೆ ತುಂಬಾ ತಿನ್ನುತ್ತಿದ್ದೆ, ಮಾಂಸಖಂಡಕ್ಕೆ ಮಾತ್ರ ಉಪವಾಸ. ಬದಲಿಸಿದ್ದು ಒಂದೇ: ಪ್ರತಿ ಊಟದಲ್ಲೂ ಮೊದಲು ಬೇಳೆಕಾಳು, ಮೊಟ್ಟೆ, ಮೀನು ಅಥವಾ ಮೊಸರು ಬಡಿಸಿಕೊಳ್ಳುವುದು, ಉಳಿದದ್ದು ಆಮೇಲೆ. ಹೊಟ್ಟೆ ಬೇಗ ತುಂಬುತ್ತದೆ, ಪಿಷ್ಟ ತಾನಾಗಿಯೇ ಕಡಿಮೆಯಾಗುತ್ತದೆ. ಒಂದು ವಾರ ತಪ್ಪಿದರೂ ಮುಂದಿನ ಊಟದಿಂದಲೇ ಶುರು ಮಾಡಬಹುದು. ಕಠಿಣ ಡಯಟ್‌ಗಳಿಗೆ ಈ ಗುಣ ಇಲ್ಲ. ಅವು ಒಮ್ಮೆ ಮುರಿದರೆ ಮುರಿದವೇ.

ವೇಗ ವಾರಕ್ಕೆ ಅರ್ಧ ಕಿಲೋ ಸಾಕು. ಮೊದಲ ಗುರಿ ಇರುವ ತೂಕದ ಶೇ. 5. ಚಿಕ್ಕದು ಎನಿಸಿದರೆ ಮಂಡಿಯನ್ನು ಕೇಳಿ. ಮಂಡಿ ಸವೆತ ಇರುವವರ ಮೇಲೆ ನಡೆದ 2005ರ ಅಧ್ಯಯನದ ಪ್ರಕಾರ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ತೂಕ ಇಳಿದ ಹಾಗೆ ಬಿಪಿಯೂ ಇಳಿಯಬಹುದು. ಆದರೆ ಮಾತ್ರೆ ಹಳೆಯ ಲೆಕ್ಕದ್ದೇ ಇರುತ್ತದೆ. ಐದು ಕಿಲೋ ಇಳಿದ ಮೇಲೆ ನನಗೆ ಬೆಳಗ್ಗೆ ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರಲು ಶುರುವಾಯಿತು. ನಿಶ್ಶಕ್ತಿ ಎಂದುಕೊಂಡಿದ್ದೆ. ಡಾಕ್ಟರ್ ಬಿಪಿ ನೋಡಿ ಮಾತ್ರೆಯನ್ನು ಅರ್ಧ ಮಾಡಿದರು. ನೀವಾಗಿಯೇ ಅರ್ಧ ಮಾಡಿಕೊಳ್ಳಬೇಡಿ. ಡಯಟ್ ಶುರು ಮಾಡುವ ಮುಂಚೆಯೇ ಅವರಿಗೆ ಹೇಳಿಬಿಡಿ.

ಇಂಜೆಕ್ಷನ್ ಬಗ್ಗೆ

ಈಗ ಎಲ್ಲರ ಬಾಯಲ್ಲೂ ಇರುವುದು ಹಸಿವು ತಗ್ಗಿಸುವ, ಸೆಮಾಗ್ಲುಟೈಡ್‌ನಂಥ ವಾರದ ಇಂಜೆಕ್ಷನ್. ಬರೀ ತೂಕ ನೋಡಿದರೆ ಇದರ ಮುಂದೆ ಇಲ್ಲಿಯವರೆಗೆ ಹೇಳಿದ ಯಾವುದೂ ನಿಲ್ಲುವುದಿಲ್ಲ. 2021ರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರ ಹತ್ತಿರ ಇಳಿಯಿತು. ಆದರೆ ನನ್ನ ಎರಡು ಪ್ರಶ್ನೆ ಕೇಳಿ ನೋಡಿ. ಹಸಿವೇ ಇಲ್ಲದಾಗ ಪ್ರೋಟೀನೂ ಕಡಿಮೆ ಹೋಗುತ್ತದೆ, ಇಳಿಯುವ ತೂಕದಲ್ಲಿ ಮಾಂಸಖಂಡದ ಪಾಲೂ ಇರುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ.

ಬೇಡ ಎನ್ನುತ್ತಿಲ್ಲ. ಶುಗರ್ ಹಿಡಿತಕ್ಕೆ ಬರದವರಿಗೆ, ತೂಕದಿಂದಲೇ ನಡೆಯಲಾಗದವರಿಗೆ ಇದು ಬಾಗಿಲು ತೆರೆಯಬಹುದು. ಡಾಕ್ಟರ್ ಬರೆದುಕೊಟ್ಟರೆ ಕುರ್ಚಿ, ದಿಂಬಿನ ವ್ಯಾಯಾಮ ಅದರ ಜೊತೆಗೇ ಶುರುವಾಗಬೇಕು. ನಿವೃತ್ತಿಗೆ ಮುಂಚೆ ಹತ್ತು ಕಿಲೋ ಇಳಿಸಿ ಫೋಟೊ ತೆಗೆಸಿಕೊಳ್ಳಬೇಕು ಎನ್ನುವವರಿಗೆ ನಾನಂತೂ ಹೇಳುವುದಿಲ್ಲ.

ನಿಂತು ಹೋದಾಗ

ಮಂಡಿ ಕೆಟ್ಟರೆ ನೀರು ಅಥವಾ ನಿಂತಲ್ಲೇ ತುಳಿಯುವ ಸೈಕಲ್, ಜೊತೆಗೆ ಎತ್ತರದ ಕುರ್ಚಿ. ಕೈ ಕೆಟ್ಟರೆ ಕಾಲಿನ ವ್ಯಾಯಾಮ ಹಾಗೇ ನಡೆಯಲಿ. ಜ್ವರ ಇದ್ದಷ್ಟು ದಿನ ಏನೂ ಬೇಡ. ಜ್ವರ ಬಿಟ್ಟು ಊಟ ಸೇರತೊಡಗಿದ ಮೇಲೆ ಕೂತಲ್ಲೇ ಕಾಲು ಚಾಚುವುದರಿಂದ ಶುರು. ಹಾರ್ಟ್ ಅಟ್ಯಾಕ್ ಅಥವಾ ಸ್ಟೆಂಟ್ ಆದವರು ಮಾತ್ರ ತಾವಾಗಿ ಪ್ರಯೋಗ ಮಾಡಬಾರದು. ಆಸ್ಪತ್ರೆಯವರ ಕಣ್ಣೆದುರಿನಲ್ಲೇ ಮೊದಲ ವಾರಗಳು ಕಳೆಯಲಿ.

ಎಷ್ಟು ಜೋರಾಗಿ ಮಾಡಬೇಕು ಎನ್ನುವುದಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಕೇಳಿರುತ್ತೀರಿ. ಅದು ಒಬ್ಬರಿಂದ ಒಬ್ಬರಿಗೆ ಬಹಳ ತಪ್ಪುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ, ಅವರಿಗಂತೂ ಈ ಲೆಕ್ಕ ಕೆಲಸಕ್ಕೆ ಬಾರದು. ಮಾತಾಡಿ ನೋಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ವೇಗ.

ಮತ್ತೆ ಶುರು ಮಾಡುವಾಗ ನನ್ನ ನಿಯಮ ಅರ್ಧ. ಎರಡು ವಾರಕ್ಕಿಂತ ಜಾಸ್ತಿ ನಿಂತಿದ್ದರೆ, ಮೊದಲು ಮಾಡುತ್ತಿದ್ದುದರ ಅರ್ಧದಿಂದ ಶುರು. ಮಾಡಿದ ಮರುದಿನ ಮಾಂಸಖಂಡ ಹಿಡಿದುಕೊಂಡರೆ ತೊಂದರೆಯಿಲ್ಲ. ಸಂದು ನೋವು ಹೆಚ್ಚಾಗಿ, ಮರುದಿನವೂ ಇಳಿಯದಿದ್ದರೆ ಇನ್ನೂ ಕಡಿಮೆ ಮಾಡಿ. ಎದೆ ಬಿಗಿತ, ತಲೆಸುತ್ತು, ಒಂದೇ ಕಾಲಿನ ಮೀನಖಂಡ ಊದುವುದು, ಇವು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗುವ ಲಕ್ಷಣ. ಪ್ರಯತ್ನವೇ ಇಲ್ಲದೆ ಆರು ತಿಂಗಳಿನಿಂದ ವರ್ಷದೊಳಗೆ ಶೇ. 5 ತೂಕ ಇಳಿದರೂ ಅಷ್ಟೇ. ಖುಷಿಪಡುವ ಮುಂಚೆ ತೋರಿಸಿಕೊಳ್ಳಿ.

ಯಾವುದರಿಂದ ಅಳೆಯಬೇಕು?

ಮಷೀನ್ ನನಗೆ ಒಮ್ಮೆ ಸುಳ್ಳು ಹೇಳಿದೆ, ಹಾಗಾಗಿ ವಾರಕ್ಕೆ ಒಂದೇ ಸಲ ಅದರ ಮುಖ ನೋಡುತ್ತೇನೆ. ಸೊಂಟಕ್ಕೆ ಟೇಪು ಹಿಡಿಯುವುದು ತಿಂಗಳಿಗೊಮ್ಮೆ. ನಾನು ಹೆಚ್ಚು ನಂಬುವುದು ಕುರ್ಚಿಯನ್ನೇ. ಕೈ ಎದೆಯ ಮೇಲೆ ಇಟ್ಟು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. ಡಾಕ್ಟರರು ಬಳಸುವ ಪರೀಕ್ಷೆಯೇ ಇದು. 60ರಿಂದ 64ರ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. 65ರಿಂದ 69ಕ್ಕೆ ಆ ಅಂಕಿ 12 ಮತ್ತು 11.

ನ್ಯುಮೋನಿಯಾ ಆದ ಐದನೇ ವಾರ ನನ್ನ ಲೆಕ್ಕ 5. ಈಗ 64 ವರ್ಷ, 74 ಕಿಲೋ, ಹೋದ ತಿಂಗಳ ಲೆಕ್ಕ 15. ಅದಾದ ಮೂರನೇ ದಿನ ಮೆಟ್ಟಿಲಿನಲ್ಲಿ ಪಾದ ಉಳುಕಿತು. ಮೂರು ವಾರ ಎಡಗಾಲು ಊರಲಿಲ್ಲ. ಕೂತಲ್ಲೇ ಕೈಗೆ ರಬ್ಬರ್ ಪಟ್ಟಿ ಎಳೆದುಕೊಂಡಿದ್ದೆ. ಇವತ್ತು ಬೆಳಗ್ಗೆ ಕುರ್ಚಿಯನ್ನು ಮತ್ತೆ ಗೋಡೆಗೆ ಒರಗಿಸಿ ಒಂದು ದಿಂಬು ಹಾಕಿದೆ. ಏಳು ಸಲ ಆಯಿತು.